ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಒಂದೇ ಪ್ರಶ್ನೆ ಸಾಕೇ? ಆಹಾರ ಸಂಶೋಧನೆಯ ಆದ್ಯತೆಗಳ ಕುರಿತು ಚರ್ಚೆ

ಹಡಪಸರ, ಪುಣೆ: ಚರ್ಚೆಯ ಆರಂಭ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿ ನೆಲೆಸಿ, ಬೆಳೆ ಪ್ರಯೋಗಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಇತ್ತೀಚೆಗೆ ನನ್ನ ಮೇಜಿಗೆ ಒಂದು ಪ್ರಶ್ನಾವಳಿ ಬಂತು. ಏಷ್ಯಾ ಮತ್ತು ಆಫ್ರಿಕಾದ ಬಡ ಪ್ರದೇಶಗಳಲ್ಲಿ ಬಾಳಿಕೆ ಬರುವ ಆಹಾರ ವ್ಯವಸ್ಥೆಯನ್ನು ಕಟ್ಟಬೇಕಾದರೆ ಮುಂದಿನ ವರ್ಷಗಳಲ್ಲಿ ಯಾವ ಸಂಶೋಧನೆಗೆ ಮೊದಲು ಹಣ ಒದಗಿಸಬೇಕು ಎಂಬುದು ಅದರ ವಿಷಯ. ಉದ್ದನೆಯ ಪಟ್ಟಿಯ ಪ್ರತಿ ಸಾಲಿನ ಎದುರಿಗೂ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಯಬೇಕಿತ್ತು. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಅಂದೇ ಸಂಜೆ ಊರಿನಿಂದ ಅಣ್ಣನ ಫೋನು ಬಂತು. ಈ ಸಲ ಎರಡೇ ಎಕರೆ ಜೋಳ ಬಿತ್ತಿದ್ದೇವೆ, ಕೀಳಲು ಆಳು ಸಿಗುವುದಿಲ್ಲ, ಅದನ್ನೂ ಬಿಡೋಣ ಎಂದರೆ ದನಕ್ಕೆ ಕಣಿಕೆ (ಜೋಳದ ಒಣ ದಂಟಿನ ಮೇವು) ಎಲ್ಲಿಂದ ತರುವುದು ಎಂದ. ನಾನು ಅಂಕ ಕೊಟ್ಟ ಪಟ್ಟಿಯಲ್ಲಿ ಆಳಿನ ಮಾತೂ ಇರಲಿಲ್ಲ, ಕಣಿಕೆಯ ಮಾತೂ ಇರಲಿಲ್ಲ. ಅದು ಇಲ್ಲವೆಂಬುದು ಪಟ್ಟಿ ತುಂಬುವಾಗ ನನಗೆ ಹೊಳೆಯಲೂ ಇಲ್ಲ ಎಂಬುದೇ ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ಹಿಂಗಾರಿ ಜೋಳದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ಅದರಲ್ಲಿದೆ. ಸೊಲ್ಲಾಪುರದ ಬಳಿಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ, ಆ ಸೀಮೆಯ ಮಾಲದಂಡಿ ಜೋಳದಿಂದಲೇ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ ಎಂ. 35-1. ಇಂದಿಗೂ ಸೊಲ್ಲಾಪುರ, ಮಂಗಳವೇಢೆ, ವಿಜಯಪುರ, ಕಲಬುರಗಿಗಳ ಎರೆಭೂಮಿಯಲ್ಲಿ ರೈತರು ಅದನ್ನು ಬಿತ್ತುತ್ತಾರೆ. ಇತ್ತ 1964ರಲ್ಲಿ ದೇಶದ ಮೊದಲ ಸಂಕರ ಜೋಳ ಸಿ.ಎಸ್.ಎಚ್.-1 ಬಿಡುಗಡೆಯಾಯಿತು, ಅದರ ಹಿಂದೆಯೇ ಇನ್ನೂ ಹಲವು ಬಂದವು. ಎಕರೆವಾರು ಕಾಳಿನ ಲೆಕ್ಕದಲ್ಲಿ ಅವು ಮುಂದಿದ್ದವು, ಮುಂಗಾರಿಯಲ್ಲಿ ಹರಡಿದವು ಕೂಡ. ಆದರೆ ಹಿಂಗಾರಿಯಲ್ಲಿ ಮಾಲದಂಡಿಯನ್ನು ಕದಲಿಸಲು ಅವುಗಳಿಂದ ಆಗಲಿಲ್ಲ. ಆಳೆತ್ತರಕ್ಕೂ ಮೀರಿ ಬೆಳೆಯುವ ಮಾಲದಂಡಿಯ ದಂಟನ್ನು ದನ ಬಾಯಿ ಚಪ್ಪರಿಸಿ ತಿನ್ನುತ್ತದೆ, ಅದರ ಮುತ್ತಿನಂಥ ಬಿಳಿ ಕಾಳು ರೊಟ್ಟಿಗೆ ಮೆತ್ತಗಿರುತ್ತದೆ, ಮಳೆ ನಿಂತ ಮೇಲೆ ನೆಲದಲ್ಲಿ ಉಳಿದ ಹಸಿಯನ್ನೇ ಕುಡಿದು ಬೆಳೆ ಕೈಗೆ ಬರುತ್ತದೆ. ಬರಗಾಲದ ವರ್ಷ ಕಣಿಕೆಯ ಬಣವೆ ಇದ್ದವನೇ ಸಾಹುಕಾರ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ರೈತ ಕಾಳು, ಮೇವು ಎರಡನ್ನೂ ತೂಗಿ ನೋಡುತ್ತಿದ್ದ. ಪ್ರಯೋಗದ ತಾಕಿನಲ್ಲಿ ಅನೇಕ ವರ್ಷ ತೂಗಿದ್ದು ಮುಖ್ಯವಾಗಿ ಕಾಳನ್ನು.

ಸಂಶೋಧನೆಯ ಆದ್ಯತೆ ಎಂಬುದು ವಿಷಯಗಳ ಪಟ್ಟಿ ತಯಾರಿಸುವುದಕ್ಕಿಂತ ಮೊದಲೇ, ಯಾವುದನ್ನು ಅಳೆಯಬೇಕು ಎಂದು ನಿಶ್ಚಯಿಸುವಾಗಲೇ ತೀರ್ಮಾನವಾಗಿಬಿಡುತ್ತದೆ ಎಂದು ನನಗೆ ಈಗ ಅನಿಸುತ್ತಿದೆ. ಎಕರೆಗೆ ಎಷ್ಟು ಎಂದು ಕೇಳಿದರೆ ಕಬ್ಬು ಗೆಲ್ಲುತ್ತದೆ. ಕಬ್ಬಿಗೆ ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಜೋಳಕ್ಕೆ 450ರಿಂದ 650 ಸಾಕು. ಹನಿ ನೀರಿಗೆ ಎಷ್ಟು ಅನ್ನ, ಎಷ್ಟು ಮೇವು ಎಂದು ಕೇಳಿದರೆ ಗೆಲ್ಲುವ ಬೆಳೆ ಬೇರೆಯೇ ಆಗುತ್ತದೆ. 1960ರ ದಶಕದಲ್ಲಿ ದೇಶದಲ್ಲಿ ಜೋಳದ ಕ್ಷೇತ್ರ ಸುಮಾರು 180 ಲಕ್ಷ ಹೆಕ್ಟೇರ್ ಇತ್ತು, ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಅಗ್ಗದ ಅಕ್ಕಿ-ಗೋಧಿ, ನೀರಾವರಿ, ಬದಲಾದ ಊಟ ಇವೆಲ್ಲ ಅದಕ್ಕೆ ಕಾರಣಗಳು ನಿಜ. ನಾವು ಕೇಳದೆ ಬಿಟ್ಟ ಪ್ರಶ್ನೆಗಳ ಪಾಲೂ ಅದರಲ್ಲಿದೆ ಎಂದು ನಾನು ನಂಬುತ್ತೇನೆ.

ನಮ್ಮಲ್ಲಿ ಮಾರುಕಟ್ಟೆಯಲ್ಲಿ, ಅಡುಗೆಮನೆಯಲ್ಲಿ, ಬಂದರಿನಲ್ಲಿ, ತರಗತಿಯಲ್ಲಿ ದುಡಿಯುವವರು ಇದ್ದೀರಿ. ನಿಮ್ಮ ಕೈಗೆ ಆ ಪ್ರಶ್ನಾವಳಿ ಬಂದಿದ್ದರೆ ನೀವು ಮೊದಲ ಸಾಲಿನಲ್ಲಿ ಏನು ಬರೆಯುತ್ತಿದ್ದಿರಿ? ತಿದ್ದುಪಡಿ ಕಳುಹಿಸಲು ನನಗೆ ಇನ್ನೂ ಅವಕಾಶವಿದೆ.

ಮುಲುಂಡ, ಮುಂಬಯಿ

ತಮ್ಮ ಬರಹವನ್ನು ಗೌರವದಿಂದ ಓದಿದೆ, ಆದರೆ ಒಂದು ಆಕ್ಷೇಪವನ್ನು ಆರಂಭದಲ್ಲೇ ದಾಖಲಿಸಬೇಕು. ನಾನು ಅರ್ಥಶಾಸ್ತ್ರ ಕಲಿಸುವವನು. 1966ರಲ್ಲಿ ಈ ದೇಶ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹೊರಗಿನಿಂದ ತರಿಸಿಕೊಂಡು ಹೊಟ್ಟೆ ಹೊರೆಯಿತು. ಆ ಸ್ಥಿತಿಯಿಂದ ನಮ್ಮನ್ನು ಮೇಲೆತ್ತಿದ್ದು ತಾವು ಅನುಮಾನಿಸುತ್ತಿರುವ ಆ ಎಕರೆವಾರು ಇಳುವರಿಯೇ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಇಷ್ಟು ಚಿಕ್ಕ ತುಂಡು ನೆಲವಿರುವ ಕುಟುಂಬಕ್ಕೆ ಎಕರೆಗೆ ಎಷ್ಟು ಬಂತು ಎಂಬುದೇ ಜೀವನ್ಮರಣದ ಪ್ರಶ್ನೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಧಾನ್ಯದ ಇಳುವರಿ ಇಂದಿಗೂ ಹೆಕ್ಟೇರಿಗೆ ಎರಡು ಟನ್ನಿನೊಳಗೇ ಇದೆ. ಅಲ್ಲಿಯ ರೈತರಿಗೆ ಇಳುವರಿಯ ಬಗ್ಗೆ ಹೆಚ್ಚು ಚಿಂತಿಸಬೇಡಿ ಎಂದು ನಾವು ಇಲ್ಲಿ ಹೊಟ್ಟೆ ತುಂಬಿದ ಮೇಲೆ ಹೇಳುವುದು ನ್ಯಾಯವಲ್ಲ.

ಇಳುವರಿ ಹೆಚ್ಚದಿದ್ದರೆ ಇನ್ನೊಂದು ಅಪಾಯವೂ ಇದೆ. ಅದೇ ಅನ್ನಕ್ಕೆ ಹೆಚ್ಚು ನೆಲ ಬೇಕಾಗುತ್ತದೆ, ಕಾಡು ಗೋಮಾಳಗಳು ನೇಗಿಲಿನ ಪಾಲಾಗುತ್ತವೆ. ಸುಸ್ಥಿರತೆಯ ಹೆಸರಿನಲ್ಲಿ ಇಳುವರಿಯನ್ನು ಹಿಂದಕ್ಕೆ ಸರಿಸಿದರೆ ಸುಸ್ಥಿರತೆಗೇ ಪೆಟ್ಟು ಬೀಳಬಹುದು.

ವಾಶಿ, ನವಿ ಮುಂಬಯಿ

ನಾನು ವಾಶಿಯ ಧಾನ್ಯ ಮಾರುಕಟ್ಟೆಯ ಒಂದು ಗಾಳೆಯಲ್ಲಿ, ಅಂದರೆ ಸಗಟು ಮಳಿಗೆಯಲ್ಲಿ, ಲೆಕ್ಕ ಬರೆಯುವವನು. ಹುಟ್ಟೂರು ಅಥಣಿಯ ಕಡೆ. ನನ್ನ ಅನುಭವದ ಎರಡು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಸಜ್ಜೆಯದು. ಕಬ್ಬಿಣದ ಅಂಶ ಹೆಚ್ಚಿರುವ ಧನಶಕ್ತಿ ಎಂಬ ಸಜ್ಜೆ ತಳಿಯನ್ನು 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆ ಮಾಡಿದರು. ಹೈದರಾಬಾದಿನ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ ಸೇರಿ ಮಾಡಿದ ಒಳ್ಳೆಯ ಕೆಲಸವದು. ಆದರೆ ನಮ್ಮ ಗಾಳೆಯಲ್ಲಿ ದರ ಕಟ್ಟುವ ಬಗೆಯನ್ನು ನೋಡಿ. ವ್ಯಾಪಾರಿ ಚೀಲಕ್ಕೆ ಪರಖಿ ಎಂಬ ಚೂಪು ಕೊಳವೆ ಚುಚ್ಚಿ, ಹೊರಬಂದ ಕಾಳನ್ನು ಅಂಗೈಯಲ್ಲಿ ಹರಡಿ, ಬಣ್ಣ ನೋಡುತ್ತಾನೆ, ಗಾತ್ರ ನೋಡುತ್ತಾನೆ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ನೋಡುತ್ತಾನೆ. ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೂ ಸಿಗುವುದಿಲ್ಲ. ಹಾಗಾಗಿ ಆ ಚೀಲಕ್ಕೂ ಪಕ್ಕದ ಚೀಲಕ್ಕೂ ಒಂದೇ ದರ, ಕೊನೆಗೆ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಮೊಜಾಂಬಿಕ್ ಮತ್ತು ಉಗಾಂಡಾಗಳಲ್ಲಿ ಎ ಜೀವಸತ್ವ ಹೆಚ್ಚಿರುವ ಕಿತ್ತಳೆ ತಿರುಳಿನ ಗೆಣಸು ಜನರ ಬಾಯಿಗೆ ಬಂದ ಕತೆಯನ್ನು ಓದಿದ್ದೇನೆ. ಅದರ ಹಿಂದೆ ದುಡಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿಯೂ ಬಂತು. ಅಲ್ಲಿ ಬಣ್ಣವೇ ಗುರುತಾಯಿತು, ತಾಯಂದಿರು ಸಂತೆಯಲ್ಲಿ ಬಣ್ಣ ನೋಡಿ ಕೊಂಡರು. ಕಣ್ಣಿಗೆ ಕಾಣದ ಗುಣವನ್ನು ಮಾರುಕಟ್ಟೆಯಲ್ಲಿ ಕಾಣಿಸುವುದು ಹೇಗೆ, ಮಿತವಾದ ಖರ್ಚಿನಲ್ಲಿ ಗಾಳೆಯ ಬಾಗಿಲಲ್ಲೇ ಅಳೆಯುವ ಸಾಧನ ಯಾವುದು ಎಂಬುದು ತಳಿ ಸಂಶೋಧನೆಯಷ್ಟೇ ದೊಡ್ಡ ಪ್ರಶ್ನೆ ಎಂದು ನಾನು ಬರೆಯುತ್ತಿದ್ದೆ.

ಎರಡನೆಯದು ನಷ್ಟದ ಅಂಕಿಯದು. ಹಣ್ಣು ತರಕಾರಿಯಲ್ಲಿ ಶೇ. 40ರಷ್ಟು ಹಾಳಾಗುತ್ತದೆ ಎಂಬ ಮಾತನ್ನು ಎಲ್ಲ ಭಾಷಣಗಳಲ್ಲಿ ಕೇಳುತ್ತೇವೆ. ಲುಧಿಯಾನದ ಸುಗ್ಗಿಯೋತ್ತರ ತಂತ್ರಜ್ಞಾನ ಸಂಸ್ಥೆಯವರು ದೇಶದಾದ್ಯಂತ ಅಳೆದು 2015ರಲ್ಲಿ ಕೊಟ್ಟ ಲೆಕ್ಕದಲ್ಲಿ ಹಣ್ಣು ತರಕಾರಿಗಳ ನಷ್ಟ ಬೆಳೆಗೆ ತಕ್ಕಂತೆ ಶೇ. 4.58ರಿಂದ 15.88, ಧಾನ್ಯಗಳದ್ದು ಶೇ. 4.65ರಿಂದ 5.99. ಇದೂ ದೊಡ್ಡ ನಷ್ಟವೇ. ಆದರೆ ಧಾನ್ಯದಲ್ಲಿ ಅದರ ಹೆಚ್ಚಿನ ಪಾಲು ಹೊಲದಲ್ಲಿ, ಕೊಯ್ಲು ಒಕ್ಕಲಿನ ಹಂತದಲ್ಲಿ ಆಗುತ್ತದೆ. ನಾವು ಶೇ. 40 ಎಂಬ ಮಾತನ್ನು ನಂಬಿಕೊಂಡು ಎಲ್ಲ ಹಣವನ್ನೂ ಶೀತಲ ಗೋದಾಮಿಗೆ ಸುರಿದರೆ, ಕಣದಲ್ಲಿ ಚೆಲ್ಲುವ ಕಾಳನ್ನು ಉಳಿಸಿದಂತಾಗುವುದಿಲ್ಲ. ಅಳೆಯುವ ಮೊದಲೇ ಆದ್ಯತೆ ನಿಗದಿಯಾದರೆ ಹೀಗಾಗುತ್ತದೆ.

ಪಿಂಪರಿ, ಪುಣೆ

ನಾನು ಪಿಂಪರಿಯಲ್ಲಿ ಹನ್ನೊಂದು ವರ್ಷಗಳಿಂದ ಊಟದ ಡಬ್ಬಿ ಕೊಡುವ ಅಡುಗೆಮನೆ ನಡೆಸುತ್ತೇನೆ. ನಮ್ಮಲ್ಲಿ ರೊಟ್ಟಿ ಬಡಿಯುವವರು ಏಳು ಹೆಂಗಸರು, ಅವರಲ್ಲಿ ಐವರು ಕಲಬುರಗಿ, ಯಾದಗಿರಿ ಕಡೆಯವರು. ವಾಶಿಯವರು ಸಜ್ಜೆಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ.

ಸಜ್ಜೆ ಹಿಟ್ಟು ಬೀಸಿ ತಂದ ಮೂರನೆಯ ನಾಲ್ಕನೆಯ ದಿನಕ್ಕೇ ಬೇಸಿಗೆಯಲ್ಲಿ ಒಂದು ಬಗೆಯ ಕಮಟು ವಾಸನೆ ಹಿಡಿಯಲು ಶುರುವಾಗುತ್ತದೆ. ವಾರವಾದರೆ ರೊಟ್ಟಿ ಕಹಿ. ಕಾಳಿನಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಕೂಡಲೇ ಅದರೊಳಗಿನ ಕಿಣ್ವ ಆ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ, ಕಾಳನ್ನು ಬಿಸಿ ಹಬೆಯಲ್ಲಿ ಹದಗೊಳಿಸಿ ಬೀಸಿದರೆ ಹೆಚ್ಚು ದಿನ ಬಾಳುತ್ತದೆ ಎಂದು ಆಹಾರ ವಿಜ್ಞಾನ ಓದುತ್ತಿರುವ ನನ್ನ ಮಗಳು ವಿವರಿಸಿದಳು. ಹಾಗೆ ಹದಗೊಳಿಸುವ ವ್ಯವಸ್ಥೆ ನಮ್ಮ ಗಲ್ಲಿಯ ಗಿರಣಿಯಲ್ಲಿ ಇಲ್ಲ. ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗಿ ನಿಲ್ಲಲು ಕೂಲಿಗೆ ಹೋಗುವ ಹೆಂಗಸಿಗೆ ಹೊತ್ತೆಲ್ಲಿದೆ? ತಿಂಗಳು ಕೆಡದ ಗೋಧಿ ಹಿಟ್ಟಿನ ಪೊಟ್ಟಣವನ್ನು ಅವಳು ಕೊಳ್ಳುತ್ತಾಳೆ. ಸಜ್ಜೆಯನ್ನು ಬಿಟ್ಟು ಗೋಧಿಯನ್ನು ಹಿಡಿದಳು ಎಂದು ಅವಳ ರುಚಿಯನ್ನು ದೂರುವುದು ಸರಿಯಲ್ಲ. ಅವಳ ಹೊತ್ತಿನ ಲೆಕ್ಕ ಅದು.

2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಆಚರಿಸಿದಾಗ ಬಿಸ್ಕತ್ತು, ನೂಡಲ್ಸ್, ಕುರುಕಲು ಎಲ್ಲದರಲ್ಲೂ ಸಜ್ಜೆ ರಾಗಿ ಬಂದವು. ದಿನವೂ ರೊಟ್ಟಿ ತಿನ್ನುವ ಮನೆಗೆ ಆ ಹಿಟ್ಟು ಹದಿನೈದು ದಿನ ಬಾಳುವಂತೆ ಮಾಡುವ, ಗಲ್ಲಿಯ ಗಿರಣಿಯಲ್ಲಿ ಕೂರಿಸಬಹುದಾದ ಒಂದು ಯಂತ್ರ ಬಂದಿದ್ದರೆ ನನ್ನಂಥವರಿಗೆ ಅದು ದೊಡ್ಡ ಉಪಕಾರವಾಗುತ್ತಿತ್ತು. ನನ್ನ ಮೊದಲ ಸಾಲಿನಲ್ಲಿ ನಾನು ಬರೆಯುವುದು ಅಡುಗೆ ಮಾಡುವವಳ ಗಂಟೆಗಳನ್ನು. ರೊಟ್ಟಿ ಬಡಿಯುವ ನಮ್ಮ ಹೆಂಗಸರ ಬಲಗೈ ಮಣಿಕಟ್ಟು ಮುಟ್ಟಿ ನೋಡಿದರೆ ಅದರ ಊತವೇ ಹೇಳುತ್ತದೆ.

ಹಡಪಸರ, ಪುಣೆ

ಮುಲುಂಡದವರ ಆಕ್ಷೇಪವನ್ನು ಒಪ್ಪುತ್ತೇನೆ. ನಾನು ಬರೆದ ರೀತಿಯಲ್ಲಿ ಇಳುವರಿ ಬೇಡವೆಂಬ ಧ್ವನಿ ಬಂದಿದ್ದರೆ ಅದು ನನ್ನ ತಪ್ಪು. ಅದು ಇರಲೇಬೇಕು, ಒಂಟಿಯಾಗಿ ಇರಬಾರದು ಎಂಬುದಷ್ಟೇ ನನ್ನ ಮಾತು. ಹಾಗೆಯೇ ನನ್ನ ಅಣ್ಣನ ಸಂಕಟಕ್ಕೂ ಪಿಂಪರಿಯವರ ಮಾತಿಗೂ ಇರುವ ನಂಟನ್ನು ನಾನು ನೋಡಿರಲಿಲ್ಲ. ಹಿಂಗಾರಿ ಜೋಳವನ್ನು ನಮ್ಮಲ್ಲಿ ಕೊಯ್ಯುವುದಕ್ಕಿಂತ ಬುಡಸಮೇತ ಕೀಳುವುದೇ ಹೆಚ್ಚು. ಎರೆಭೂಮಿ ಅಷ್ಟರಲ್ಲಿ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಎರಡೂ ಕೈಯಲ್ಲಿ ದಂಟು ಹಿಡಿದು ಬೆನ್ನು ಹಿಂದಕ್ಕೆ ಎಳೆದು ಕೀಳಬೇಕು, ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಗುಳ್ಳೆ ಏಳುತ್ತವೆ. ಎತ್ತರದ ದಂಟನ್ನು ಮೇವು ಹಾಳಾಗದಂತೆ ಕಟಾವು ಮಾಡುವ, ನಾಲ್ಕು ಎಕರೆಯವನ ಕೈಗೆಟಕುವ ಯಂತ್ರ ನಮ್ಮ ಊರಿಗೆ ಇನ್ನೂ ಬಂದಿಲ್ಲ. ಬಿತ್ತನೆಯಿಂದ ರೊಟ್ಟಿಯವರೆಗೆ ಈ ಬೆಳೆಯನ್ನು ಹೊತ್ತು ನಡೆಸಿದ್ದು ಹೆಂಗಸರ ಕೈಗಳು. ಆ ಕೈಗಳ ಶ್ರಮವನ್ನು ಯಾವ ಕಾಲಮ್ಮಿನಲ್ಲೂ ಬರೆಯಲಿಲ್ಲ, ಹಾಗಾಗಿ ಅದನ್ನು ಕಡಿಮೆ ಮಾಡುವ ಸಂಶೋಧನೆಗೆ ಅಂಕವೂ ಬೀಳಲಿಲ್ಲ.

ಇನ್ನೊಂದು ಒರೆಗಲ್ಲನ್ನೂ ಇಡಬೇಕೆನಿಸುತ್ತದೆ. ಮಾರಲು ವಸ್ತುವೇ ಇಲ್ಲದ ಸಂಶೋಧನೆಯನ್ನು ಖಾಸಗಿ ಹಣ ಎಂದೂ ಮಾಡುವುದಿಲ್ಲ, ಆದ್ದರಿಂದ ಸಾರ್ವಜನಿಕ ಹಣ ಮೊದಲು ಅಲ್ಲಿಗೇ ಹೋಗಬೇಕು. 1970ರ ದಶಕದಲ್ಲಿ ಆಫ್ರಿಕಾದ ಮರಗೆಣಸಿಗೆ ದಕ್ಷಿಣ ಅಮೆರಿಕದಿಂದ ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟವೊಂದು ಬಂದು ಅಂಟಿಕೊಂಡಿತು. ಕೋಟ್ಯಂತರ ಬಡವರ ದಿನದ ಊಟವಾಗಿದ್ದ ಬೆಳೆ ಒಣಗತೊಡಗಿತು. ಹಾನ್ಸ್ ಹೆರೆನ್ ಎಂಬ ವಿಜ್ಞಾನಿಯ ತಂಡ ಆ ತಿಗಣೆಯ ಸಹಜ ಶತ್ರುವಾದ ಒಂದು ಪುಟ್ಟ ಕಣಜವನ್ನು ತಿಗಣೆಯ ತವರಾದ ದಕ್ಷಿಣ ಅಮೆರಿಕದಿಂದಲೇ ತಂದು, ಪರೀಕ್ಷಿಸಿ, 1981ರಿಂದ ಬಿಡತೊಡಗಿತು. ಕಣಜ ತಾನೇ ಹರಡಿತು. ರೈತ ಏನನ್ನೂ ಕೊಳ್ಳಬೇಕಾಗಲಿಲ್ಲ. 1995ರ ವಿಶ್ವ ಆಹಾರ ಪ್ರಶಸ್ತಿ ಹೆರೆನ್ ಅವರಿಗೆ ಸಂದಿತು. ಇಂಥದ್ದೇ ಕೆಲಸ ನಮ್ಮ ಮನೆಯಂಗಳದಲ್ಲೂ ನಡೆದಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆ ಎರಡೇ ವರ್ಷದಲ್ಲಿ ಪುಣೆಯ ತೋಟಗಳನ್ನೂ ತಲುಪಿತು. ಎಲೆಯ ಅಡಿ, ಕಾಯಿಯ ತೊಟ್ಟು, ಎಲ್ಲೆಲ್ಲೂ ಬಿಳಿ ಹತ್ತಿ ಮೆತ್ತಿದಂತೆ ಕಾಣುತ್ತಿದ್ದ ಗಿಡಗಳನ್ನು ನಾನೇ ನೋಡಿದ್ದೇನೆ. ಔಷಧಿ ಹೊಡೆದರೂ ಆ ಮೇಣದ ಹೊದಿಕೆಯ ಮೇಲೆ ಹನಿ ಜಾರಿ ಬೀಳುತ್ತಿತ್ತು. ಬೆಂಗಳೂರಿನ ಕೇಂದ್ರ ಸಂಸ್ಥೆಯೊಂದು 2010ರಲ್ಲಿ ಪೋರ್ಟೊ ರಿಕೊದಿಂದ ಪರೋಪಜೀವಿ ಕಣಜವನ್ನು ತರಿಸಿ ರಾಜ್ಯಗಳಿಗೆ ಹಂಚಿತು, ಕಾಟ ಇಳಿಯಿತು. ಎಂದೂ ಮಾರಾಟಕ್ಕೆ ಬಾರದ ಈ ಕಣಜದ ಮುಂದೆ ಹತ್ತರಲ್ಲಿ ಎಷ್ಟು ಅಂಕ ಬರೆಯುತ್ತಿದ್ದೆವು ಎಂದು ಯೋಚಿಸಿ.

ದಿವಾಡಿ, ಗೋವಾ

ನಾನು ಕುಮಟಾದವಳು, ಮದುವೆಯಾಗಿ ಮಾಂಡವಿ ನದಿಯ ಈ ದ್ವೀಪಕ್ಕೆ ಬಂದು ಹದಿನೆಂಟು ವರ್ಷವಾಯಿತು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಷ್ಟು ಹೊತ್ತು ಎಲ್ಲರೂ ಬೀಜ, ಯಂತ್ರ, ಕೀಟಗಳ ಬಗ್ಗೆ ಬರೆದಿದ್ದೀರಿ. ನಮ್ಮಲ್ಲಿ ಬೀಜವಿದೆ, ಕಟ್ಟೆ ಒಡೆದಿದೆ.

ಗೋವಾದ ಖಾಜನ್ ಗದ್ದೆಗಳೆಂದರೆ ಸಮುದ್ರದ ಉಬ್ಬರದ ನೀರನ್ನು ಮಣ್ಣಿನ ಕಟ್ಟೆ ಹಾಕಿ ತಡೆದು ಮಾಡಿಕೊಂಡ ನೆಲ. ಸುಮಾರು 18 ಸಾವಿರ ಹೆಕ್ಟೇರ್. ಕಟ್ಟೆಯ ನಡುವೆ ಮಾನಸ್ ಎಂಬ ಮರದ ತೂಬು. ಉಬ್ಬರ ಬಂದಾಗ ನೀರಿನ ಒತ್ತಡಕ್ಕೆ ಅದರ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತಾನೇ ತೆರೆದು ಒಳಗಿನ ನೀರನ್ನು ಹೊರಬಿಡುತ್ತದೆ. ನನ್ನ ವಿದ್ಯಾರ್ಥಿಗಳನ್ನು ಪ್ರತಿವರ್ಷ ಕರೆದೊಯ್ದು ಅದನ್ನು ತೋರಿಸುತ್ತೇನೆ. ಬಾಗಿಲು ಮುಚ್ಚುವ ಆ ಕ್ಷಣಕ್ಕಾಗಿ ಮಕ್ಕಳು ಉಸಿರು ಬಿಗಿಹಿಡಿದು ಕಾಯುತ್ತಾರೆ. ಇಲ್ಲಿ ಉಪ್ಪು ತಾಳುವ ಕೊರ್ಗುಟ್ ಭತ್ತ ಬೆಳೆಯುತ್ತಾರೆ. ನಮ್ಮ ಕುಮಟಾದ ಮಾಣಿಕಟ್ಟೆಯ ಗಜನಿಯಲ್ಲಿ (ಉಪ್ಪುನೀರಿನ ಗದ್ದೆ), ಅಘನಾಶಿನಿಯ ಅಳಿವೆಯಲ್ಲಿ, ಇದೇ ಗುಣದ ಕಗ್ಗ ಭತ್ತವಿದೆ. ಎರಡೂ ಕಡೆ ಭತ್ತ ಕೊಯ್ದ ಮೇಲೆ ಅದೇ ನೀರಿನಲ್ಲಿ ಸಿಗಡಿ, ಮೀನು. ಓಲ್ಡ್ ಗೋವಾದ ಎಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಉಪ್ಪು ತಾಳುವ ಗೋವಾ ಧಾನ್ ತಳಿಗಳನ್ನೂ ಕೊಟ್ಟಿದ್ದಾರೆ. ಆ ಕೆಲಸಕ್ಕೆ ನಾನು ಕೃತಜ್ಞಳಾಗಿದ್ದೇನೆ.

ಆದರೆ ಕಟ್ಟೆಯನ್ನು ಯಾರು ನೋಡಿಕೊಳ್ಳಬೇಕು? ಹಿಂದೆ ಊರವರ ಸಾಮುದಾಯಿಕ ಸಂಸ್ಥೆಯಾದ ಗಾಂವಕಾರಿ ನೋಡುತ್ತಿತ್ತು. ಏಡಿ ಕೊರೆದ ಒಂದು ತೂತನ್ನು ಕಂಡವನು ಆ ದಿನವೇ ಮುಚ್ಚಬೇಕಿತ್ತು. ಗೇಣಿದಾರರಿಗೆ ಹಕ್ಕು ಬಂದ ಮೇಲೆ ಆ ಹೊಣೆ ಗೇಣಿದಾರರ ಸಂಘಗಳಿಗೆ ಬಂತು. ಹಕ್ಕು ಬಂದದ್ದು ನ್ಯಾಯವಾಗಿಯೇ. ಹೊಣೆಯನ್ನು ಹೊಸದಾಗಿ ಕಟ್ಟಿಕೊಡುವ ಕೆಲಸ ಅದರ ಜೊತೆಗೆ ಆಗಲಿಲ್ಲ. ಭತ್ತಕ್ಕಿಂತ ಸಿಗಡಿಯಲ್ಲಿ ಹೆಚ್ಚು ಲಾಭ ಎಂದು ತೂಬನ್ನು ತೆರೆದೇ ಬಿಡುವವರಿದ್ದಾರೆ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಹಿಂದಿನ ಕಟ್ಟೆ ಒಡೆದಾಗ ನಾವು ಮನವಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದೆವು. ಅಷ್ಟರಲ್ಲಿ ಎರಡು ಹಂಗಾಮು ಉಪ್ಪು ನೀರು ನಿಂತು ಗದ್ದೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಎದ್ದವು. ಉಪ್ಪು ತಾಳುವ ಭತ್ತಕ್ಕೂ ಆರು ತಿಂಗಳು ಕಡಲಿನಲ್ಲೇ ನಿಲ್ಲುವ ಶಕ್ತಿ ಇಲ್ಲ.

ಆದ್ದರಿಂದ ನನ್ನ ಮೊದಲ ಸಾಲು ಇದು: ಹಂಚಿಕೊಂಡು ಬಳಸುವ ಕಟ್ಟೆ, ಕೆರೆ, ತೂಬುಗಳನ್ನು ಜನ ಯಾವ ನಿಯಮದಡಿ ದಶಕಗಟ್ಟಲೆ ಕಾಪಾಡುತ್ತಾರೆ, ಯಾವಾಗ ಕೈಬಿಡುತ್ತಾರೆ ಎಂಬುದರ ಅಧ್ಯಯನ. ಬಾಂಗ್ಲಾದೇಶದಲ್ಲಿ, ವಿಯೆಟ್ನಾಂನ ಮೆಕಾಂಗ್ ಮುಖಜ ಭೂಮಿಯಲ್ಲಿ, ಪಶ್ಚಿಮ ಆಫ್ರಿಕಾದ ಮ್ಯಾಂಗ್ರೋವ್ ಭತ್ತದ ಗದ್ದೆಗಳಲ್ಲಿ ಏರುತ್ತಿರುವ ಕಡಲಿನೆದುರು ಇದೇ ಪ್ರಶ್ನೆ ನಿಂತಿದೆ. ಸಮಾಜ ವಿಜ್ಞಾನದ ಈ ಕೆಲಸವನ್ನು ಕೃಷಿ ಸಂಶೋಧನೆಯ ಪಟ್ಟಿಯ ಕೊನೆಯಲ್ಲಿ ಇತರೆ ಎಂಬ ಶೀರ್ಷಿಕೆಯಡಿ ಹಾಕುವುದನ್ನು ನಿಲ್ಲಿಸಬೇಕು.

ಅಂಧೇರಿ, ಮುಂಬಯಿ

ಆಹಾರ ಎಂದರೆ ಹೊಲ ಮಾತ್ರ ಎಂಬಂತೆ ಚರ್ಚೆ ನಡೆಯುತ್ತಿತ್ತು. ದಿವಾಡಿಯವರು ನೀರಿಗೆ ಇಳಿಸಿದ್ದು ಸಂತೋಷ. ನಾವು ಮೂಲತಃ ಉಡುಪಿ ಕಡೆಯ ಮೊಗವೀರರು, ಅಪ್ಪನ ಕಾಲದಿಂದ ಮುಂಬಯಿಯ ಮೀನು ಬಂದರಾದ ಸಸೂನ್ ಡಾಕ್‌ನಲ್ಲಿ ಮೀನಿನ ವ್ಯವಹಾರ.

ಡೆನ್ಮಾರ್ಕಿನ ಪೋಷಣಾ ವಿಜ್ಞಾನಿ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂದ ಕಾರಣವನ್ನು ಇಲ್ಲಿ ನೆನೆಯಬೇಕು. ಬಾಂಗ್ಲಾದೇಶದ ಕೆರೆಗಳಲ್ಲಿ ದೊಡ್ಡ ಜಾತಿಯ ಮೀನು ಸಾಕುವಾಗ ಮೋಲಾ ಎಂಬ ಬೆರಳುದ್ದದ ಮೀನನ್ನು ಕಸವೆಂದು ಮೊದಲು ಔಷಧಿ ಹಾಕಿ ಕೊಲ್ಲುತ್ತಿದ್ದರು. ತಲೆ, ಕಣ್ಣು, ಮುಳ್ಳು ಸಮೇತ ತಿನ್ನುವ ಆ ಪುಟ್ಟ ಮೀನಿನಲ್ಲಿ ಎ ಜೀವಸತ್ವ, ಸುಣ್ಣ, ಕಬ್ಬಿಣ ಹೇರಳವಾಗಿದೆ ಎಂದು ಅವರು ತೋರಿಸಿದರು. ದೊಡ್ಡ ಮೀನಿನ ಜೊತೆಗೇ ಅದನ್ನು ಸಾಕಬಹುದು ಎಂಬುದೂ ಸಿದ್ಧವಾಯಿತು. ಕೆರೆ ಅದೇ, ನೀರು ಅದೇ. ಕಿಲೋ ಲೆಕ್ಕ ಬಿಟ್ಟು ಪೋಷಣೆಯ ಲೆಕ್ಕ ಹಿಡಿದಾಗ ಕಸವೇ ಔಷಧಿಯಾಯಿತು. ನಮ್ಮ ಬಂದರುಗಳಲ್ಲಿ ಸಣ್ಣ ಬೂತಾಯಿ, ಮರಿ ಮೀನು, ಬಲೆಗೆ ಬಿದ್ದ ಚೂರುಪಾರು ರಾಶಿ ರಾಶಿಯಾಗಿ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿಂದ ಸಾಕಿದ ಸಿಗಡಿ ಕೋಳಿಗಳ ಮೇವಾಗುತ್ತದೆ. ಸಣ್ಣ ಮೀನನ್ನು ಸ್ವಚ್ಛವಾಗಿ, ಮರಳು ತಾಗದಂತೆ, ಮಳೆಗಾಲಕ್ಕೂ ಒಣಗಿಸಿ ಅಂಗನವಾಡಿಯವರೆಗೆ ತಲುಪಿಸುವ ವಿಧಾನಕ್ಕೆ ನಾನು ಹತ್ತಕ್ಕೆ ಹತ್ತು ಕೊಡುತ್ತೇನೆ. ಒಣಮೀನು ಮಾರುವ ಹೆಂಗಸರನ್ನು ಕೇಳಿ ನೋಡಿ, ಅವರಿಗೆ ಬೇಕಾದದ್ದು ನೆರಳು, ಎತ್ತರದ ಕಟ್ಟೆ ಮತ್ತು ಒಂದು ಒಣಗುಮನೆ.

ಮುಲುಂಡ, ಮುಂಬಯಿ

ನನ್ನ ಆಕ್ಷೇಪ ಉಳಿದಿದ್ದರೂ ಚರ್ಚೆ ನನ್ನನ್ನು ಸ್ವಲ್ಪ ಮುಂದಕ್ಕೆ ಸರಿಸಿದೆ. ಒಂದು ವಿಧಾನದ ಮಾತು ಹೇಳುತ್ತೇನೆ. ಮಕ್ಕಳ ಆರೋಗ್ಯ ಸಂಶೋಧನೆಯಲ್ಲಿ ಆದ್ಯತೆ ಗುರುತಿಸುವಾಗ ತಜ್ಞರು ಪ್ರತಿ ಪ್ರಶ್ನೆಗೂ ಇಡಿಯಾಗಿ ಒಂದೇ ಅಂಕ ಕೊಡುವುದಿಲ್ಲ. ಇದಕ್ಕೆ ಉತ್ತರ ಸಿಗುವಂಥದ್ದೇ, ಸಿಕ್ಕ ಉತ್ತರ ಕೆಲಸ ಮಾಡುತ್ತದೆಯೇ, ಅದನ್ನು ಜನರಿಗೆ ಮುಟ್ಟಿಸಬಹುದೇ, ಎಷ್ಟು ಸಂಕಟ ಇಳಿಯುತ್ತದೆ, ಬಡವರಿಗೆ ನ್ಯಾಯ ಸಿಗುತ್ತದೆಯೇ ಎಂದು ಒಂದೊಂದಕ್ಕೂ ಬೇರೆ ಬೇರೆ ಅಂಕ ಕೊಟ್ಟು ಆಮೇಲೆ ಕೂಡುತ್ತಾರೆ. ಯಾರು ಏಕೆ ಹಾಗೆ ಅಂಕ ಕೊಟ್ಟರು ಎಂಬುದು ಎಲ್ಲರಿಗೂ ಕಾಣುತ್ತದೆ. ತಮ್ಮ ಪ್ರಶ್ನಾವಳಿಯ ದೋಷ ವಿಷಯಗಳಲ್ಲಿ ಎಷ್ಟಿದೆಯೋ ಈ ಒಂದೇ ಅಂಕದ ಪದ್ಧತಿಯಲ್ಲೂ ಅಷ್ಟೇ ಇದೆ.

ಹಣದ ಮಾತನ್ನೂ ಮರೆಯಬಾರದು. ನಮ್ಮ ದೇಶ ಕೃಷಿ ಉತ್ಪನ್ನದ ಮೌಲ್ಯದಲ್ಲಿ ಶೇ. 1ರಷ್ಟನ್ನೂ ಕೃಷಿ ಸಂಶೋಧನೆಗೆ ತೊಡಗಿಸುತ್ತಿಲ್ಲ. ಆಫ್ರಿಕಾದ ದೇಶಗಳು 2003ರಲ್ಲಿ ಮೊಜಾಂಬಿಕ್‌ನ ರಾಜಧಾನಿ ಮಪುಟೊದಲ್ಲಿ ಬಜೆಟ್ಟಿನ ಶೇ. 10ನ್ನು ಕೃಷಿಗೆ ಇಡುತ್ತೇವೆಂದು ಒಪ್ಪಿದವು. ಮಾತು ಉಳಿಸಿಕೊಂಡವು ಕೆಲವೇ. ಹಣ ಇಷ್ಟು ಬಿಗಿಯಾಗಿರುವಾಗ ಹೊಸ ಸಾಲು ಸೇರಿಸಿದರೆ ಹಳೆಯದೊಂದನ್ನು ಅಳಿಸಬೇಕಾಗುತ್ತದೆ. ಯಾವುದನ್ನು ಅಳಿಸುತ್ತೀರಿ?

ಹಡಪಸರ, ಪುಣೆ

ನ್ಯಾಯವಾದ ಪ್ರಶ್ನೆ, ನೇರವಾಗಿ ಉತ್ತರಿಸುತ್ತೇನೆ. ನೀರಿಲ್ಲದ ಜಿಲ್ಲೆಗಳಲ್ಲಿ ಕಬ್ಬಿನ ಇಳುವರಿ ಹೆಚ್ಚಿಸಲೆಂದೇ ಇರುವ ಸಾರ್ವಜನಿಕ ಹಣವನ್ನು ನಾನು ಮೊದಲು ಹಿಂದಕ್ಕೆ ತೆಗೆಯುತ್ತೇನೆ. ಆ ಕೆಲಸಕ್ಕೆ ಸಕ್ಕರೆ ಕಾರ್ಖಾನೆಗಳ ಬಳಿ ಹಣವೂ ಇದೆ, ಸಂಸ್ಥೆಗಳೂ ಇವೆ. ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಖೆ ಅವರು 1972ರ ಬರದ ನಂತರ ಕಟ್ಟಿದ ಪಾಣಿ ಪಂಚಾಯತ್ ಇದನ್ನೇ ತೀರ್ಮಾನಿಸಿತ್ತು. ಅಲ್ಲಿ ನೀರನ್ನು ನೆಲಕ್ಕೆ ಹಂಚಲಿಲ್ಲ, ತಲೆಗೆ ಹಂಚಿದರು. ಒಬ್ಬರಿಗೆ ಅರ್ಧ ಎಕರೆಗೆ ಸಾಲುವಷ್ಟು, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ, ನೆಲವಿಲ್ಲದವರಿಗೂ ಪಾಲು, ಕಬ್ಬಿಗೆ ನೀರಿಲ್ಲ. ಆ ನಿಯಮ ಎಲ್ಲಿ ಉಳಿಯಿತು, ಎಲ್ಲಿ ಸಡಿಲಿತು, ಏಕೆ ಎಂಬುದು ದಿವಾಡಿಯವರ ಕಟ್ಟೆಯ ಪ್ರಶ್ನೆಯ ಒಣಭೂಮಿಯ ರೂಪ. ಎರಡನ್ನೂ ಸೇರಿಸಿ ಒಂದೇ ಸಾಲಾಗಿ ಬರೆಯುತ್ತಿದ್ದೇನೆ.

ಮುಲುಂಡದವರು ಹೇಳಿದ ಅಂಕದ ಪದ್ಧತಿ ಒಳ್ಳೆಯದು, ಆದರೆ ಅಂಕ ಕೊಡುವವರು ಮೇಜಿನ ಸುತ್ತ ಕೂತವರೇ ಆದರೆ ಮೇವು ಮತ್ತೆ ಬಿಟ್ಟುಹೋಗುತ್ತದೆ. 1990ರ ದಶಕದಲ್ಲಿ ಮಲಾವಿಯಲ್ಲಿ ತಾಯಿ-ಮಗು ಪ್ರಯೋಗ ಎಂಬ ಪದ್ಧತಿಯನ್ನು ರೂಪಿಸಿದರು. ಊರ ನಡುವಿನ ಒಂದು ತಾಕಿನಲ್ಲಿ ವಿಜ್ಞಾನಿಗಳು ಎಲ್ಲ ಬಗೆಯ ಬೆಳೆಗಳನ್ನೂ ಬೆಳೆಯುತ್ತಾರೆ, ಅದು ತಾಯಿ. ರೈತರು ಅದನ್ನು ನೋಡಿ ತಮಗೆ ಹಿಡಿಸಿದ ಎರಡು ಮೂರನ್ನು ತಮ್ಮ ಹೊಲದಲ್ಲಿ ತಮ್ಮದೇ ರೀತಿಯಲ್ಲಿ ಬೆಳೆದು ನೋಡುತ್ತಾರೆ, ಅವು ಮಕ್ಕಳು. ಮಣ್ಣಿಗೆ ಸಾರಜನಕ ಕೊಡಲೆಂದೇ ಬೆಳೆಯುವ ಹಸಿರೆಲೆ ಗೊಬ್ಬರದ ಬಳ್ಳಿಗಿಂತ, ಮಣ್ಣಿಗೂ ಮಡಕೆಗೂ ಆಗುವ ತೊಗರಿ, ಶೇಂಗಾಗಳನ್ನು ಅಲ್ಲಿಯ ರೈತರು ಹೆಚ್ಚಾಗಿ ಆರಿಸಿಕೊಂಡರು. ಸಂಶೋಧನೆಯ ದಿಕ್ಕನ್ನು ತಿರುಗಿಸಿದ್ದು ಆ ಆಯ್ಕೆ. ನಾನು ಕಳುಹಿಸಲಿರುವ ತಿದ್ದುಪಡಿಯಲ್ಲಿ ಇದನ್ನೇ ಕೇಳುತ್ತಿದ್ದೇನೆ: ಪ್ರತಿ ಬೆಳೆ ಪ್ರಯೋಗದಲ್ಲೂ ಕಾಳಿನ ಪಕ್ಕದಲ್ಲಿ ಮೇವಿನ ತೂಕ, ಬಳಸಿದ ನೀರು, ಹೆಣ್ಣಾಳು ಗಂಡಾಳುಗಳ ಪ್ರತ್ಯೇಕ ಗಂಟೆಗಳು, ಹಿಟ್ಟು ಬಾಳುವ ದಿನಗಳು ಇಷ್ಟನ್ನು ದಾಖಲಿಸಬೇಕು, ಮತ್ತು ಅಂಕ ಕೊಡುವವರಲ್ಲಿ ಅರ್ಧದಷ್ಟು ಮಂದಿ ಆ ಬೆಳೆಯನ್ನು ಬೆಳೆಯುವ, ಹಿಡಿಯುವ, ಬೇಯಿಸುವ ಜನರಾಗಿರಬೇಕು. ವಾಶಿಯವರ ಅಳತೆ ಸಾಧನ, ಅಂಧೇರಿಯವರ ಒಣಗುಮನೆ, ಪಿಂಪರಿಯವರ ಗಿರಣಿ ಮೂರನ್ನೂ ಹೊಸ ಸಾಲುಗಳಾಗಿ ಸೇರಿಸಿದ್ದೇನೆ. ಭಾನುವಾರದೊಳಗೆ ಕಳುಹಿಸುತ್ತೇನೆ, ಅಷ್ಟರಲ್ಲಿ ಯಾರಾದರೂ ತಿದ್ದುವುದಿದ್ದರೆ ತಿಳಿಸಿ.

ಪಿಂಪರಿ, ಪುಣೆ

ಹೆಣ್ಣಾಳಿನ ಗಂಟೆ ಎಂದು ಬರೆದಿದ್ದೀರಿ. ಅದನ್ನು ಲೆಕ್ಕ ಹಾಕುವಾಗ ಹೊಲದ ಬದುವಿನಿಂದ ಶುರು ಮಾಡಬೇಡಿ. ಅವಳು ನಸುಕಿನಲ್ಲಿ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡೇ ಹೊಲಕ್ಕೆ ಬಂದಿರುತ್ತಾಳೆ, ಅಲ್ಲಿಂದ ಶುರು ಮಾಡಿ. ನಮ್ಮ ಅಡುಗೆಮನೆಯ ಇಬ್ಬರು ಫೆಬ್ರವರಿಯಲ್ಲಿ ಜೋಳ ಕೀಳಲು ಊರಿಗೆ ಹೋಗುತ್ತಾರೆ. ಗಡಿಯಾರ ನೋಡಿ ಬರೆದಿಡಲು ನಾನು ಅವರಿಗೆ ಒಂದು ನೋಟುಬುಕ್ಕು ಕೊಟ್ಟು ಕಳುಹಿಸುತ್ತೇನೆ, ಯಾವ ಯಾವ ಕಾಲಮ್ಮು ಹಾಕಬೇಕು ಎಂದು ತಿಳಿಸಿ.

ಹಡಪಸರ, ಪುಣೆ

ತಿದ್ದಿಕೊಂಡೆ. ಎದ್ದ ಹೊತ್ತು, ಒಲೆ ಹೊತ್ತಿಸಿದ ಹೊತ್ತು, ಹೊಲ ಮುಟ್ಟಿದ ಹೊತ್ತು, ಕಿತ್ತ ಸಾಲುಗಳು, ನೀರಿಗೆ ನಿಂತ ಹೊತ್ತು, ಮನೆಗೆ ಬಂದು ಮತ್ತೆ ಒಲೆಯ ಮುಂದೆ ಕೂತ ಹೊತ್ತು, ಮಲಗಿದ ಹೊತ್ತು. ಸದ್ಯಕ್ಕೆ ಈ ಏಳು ಕಾಲಮ್ಮು ಸಾಕು. ನಾನೂ ಆ ವಾರ ಇಂಡಿಗೆ ಹೋಗುತ್ತೇನೆ. ಅಣ್ಣನ ಎರಡು ಎಕರೆಯಲ್ಲಿ ಕೀಳುವವರ ಜೊತೆಗಿದ್ದು ಇದೇ ರೀತಿ ಇನ್ನೊಂದು ನೋಟುಬುಕ್ಕು ಬರೆದು ತರುತ್ತೇನೆ.